ಎಂಟು ಬಣ್ಣದ ವೈನಿ

ವೈನಿ ತೀರಿಕೊಂಡರೆಂದು ಅಕಿವಾಟದಿಂದ ಫೋನು ಬಂದಾಗ ನಾನು ಎಣ್ಣೆ ಡಬ್ಬಿಯೊಂದರ ಮೂತಿ ತಿದ್ದುತ್ತ ಕೂತಿದ್ದೆ. ಮೂತಿ ಎರಡು ಚುಕ್ಕೆ ಉದ್ದವಾಗಿತ್ತು. ಫೋನು ಮಾಡಿದವನು ಅವರ ಮೈದುನನ ಮಗ. "ಮುಂಜಾನೆ ಏಳಕ್ಕ ಹೋದ್ರು ರೀ. ನಿಮಗ ತಿಳಸಂತ ಮೊದಲ ಹೇಳಿಟ್ಟಿದ್ರು" ಅಂದ. ವೈನಿ ಯಾವುದನ್ನೂ ಕೊನೆಯ ಗಳಿಗೆಗೆ ಬಿಡುವವರಲ್ಲ. ತಮ್ಮ ಸಾವಿನ ಸುದ್ದಿ ಯಾರಿಗೆಲ್ಲ ಮುಟ್ಟಬೇಕೆಂಬ ಪಟ್ಟಿಯನ್ನೂ ಬರೆದಿಟ್ಟಿದ್ದರು. ಪಟ್ಟಿಯಲ್ಲಿ ನಾನು ಹನ್ನೊಂದನೆಯವನು ಎಂದು ಆಮೇಲೆ ತಿಳಿಯಿತು. ಹತ್ತರೊಳಗೆ ಹಾಕಬಹುದಿತ್ತು ಎಂದು ಅಕಿವಾಟದ ಬಸ್ಸಿನಲ್ಲಿ ಕೂತಾಗ ನನಗೆ ಅನಿಸಿದ್ದುಂಟು.

ನಮ್ಮದು ಯಡ್ರಾವದಲ್ಲೊಂದು ಸಣ್ಣ ಕಾರಖಾನೆ. ನಮ್ಮದು ಅಂದರೆ ಮಾಲಕರದು, ನಾನು ಸಂಬಳದವನು. ವಿದ್ಯುತ್ ಮಗ್ಗಗಳಿಗೆ ಜೋಡಿಸುವ ಕಂಟ್ರೋಲ್ ಪೆಟ್ಟಿಗೆ ಮಾಡುತ್ತೇವೆ. ಪೆಟ್ಟಿಗೆಯ ಮುಖದ ಮೇಲೆ ಅಂಗೈಯಗಲದ ಪರದೆ. ಮಗ್ಗ ಯಾಕೆ ನಿಂತಿತು ಎನ್ನುವುದನ್ನು ಆ ಪರದೆ ಚಿತ್ರದಲ್ಲಿ ಹೇಳಬೇಕು. ಅಕ್ಷರದಲ್ಲಿ ಹೇಳಿದರೆ ಆಗುವುದಿಲ್ಲವೇ ಎಂದು ಹೊರಗಿನವರು ಕೇಳುತ್ತಾರೆ. ಇಚಲಕರಂಜಿಯ ಯಾವುದಾದರೂ ಶೆಡ್ಡಿನೊಳಗೆ ಹೊಕ್ಕು ಬಂದವರು ಕೇಳುವುದಿಲ್ಲ. ಒಬ್ಬ ಕನ್ನಡದವ, ಒಬ್ಬ ಮರಾಠಿಯವ, ಇಬ್ಬರು ಬಿಹಾರದವರು, ಒಬ್ಬ ಒಡಿಶಾದವ. ಐವರಲ್ಲಿ ಇಬ್ಬರಿಗೆ ಓದಲು ಬಾರದು. ಮಗ್ಗಗಳ ಸದ್ದಿನಲ್ಲಿ ಐವರಿಗೂ ಕಿವಿ ಕೇಳದು. ಹೀಗಾಗಿ ಚಿತ್ರ.

ಆ ಕಾಲದಲ್ಲಿ ನಮ್ಮ ಪರದೆಗೆ ಎಂಟೇ ಬಣ್ಣ. ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ, ಹಳದಿ, ಆಕಾಶಿ, ರಾಣಿ ಎನ್ನುವ ಗಾಢ ಗುಲಾಬಿ. ಅಂಥ ಪರದೆಗಳನ್ನು ಮಾಲಕರು ಒಮ್ಮೆಗೇ ತರಿಸಿ ಒಂದು ಕೋಣೆ ತುಂಬಿಸಿಟ್ಟಿದ್ದರು. ಒಂಬತ್ತನೆಯ ಬಣ್ಣ ಕೊಟ್ಟರೆ ಪರದೆ ಬೇಡ ಅನ್ನುವುದಿಲ್ಲ; ತನ್ನ ಎಂಟರಲ್ಲಿ ಹತ್ತಿರದ್ದು ಯಾವುದೋ ಅದನ್ನು ಹಾಕಿ ಸುಮ್ಮನಾಗುತ್ತದೆ. ಕಿತ್ತಳೆ ಕೊಟ್ಟರೆ ಹಳದಿ ತೋರಿಸುತ್ತದೆ. ಬೂದು ಕೊಟ್ಟರೆ ಬಿಳಿ, ತುಸು ಕಡು ಬೂದಾದರೆ ಕಪ್ಪು. ಒಂದೊಂದು ಚಿತ್ರಕ್ಕೆ ಅಡ್ಡ ಮೂವತ್ತೆರಡು, ಉದ್ದ ಮೂವತ್ತೆರಡು ಚುಕ್ಕೆ. ಇಷ್ಟರಲ್ಲೇ ಸಂಸಾರ ಮಾಡಬೇಕಿತ್ತು.

ನಾನು ಹಲಕರ್ಣಿಯವನು. ಕೊಲ್ಹಾಪುರದಲ್ಲಿ ಡಿಪ್ಲೊಮಾ ಮುಗಿಸಿ ಬಂದ ಹೊಸದರಲ್ಲಿ ಮಾಲಕರು ನನಗೆ ಹಚ್ಚಿದ ಮೊದಲ ಕೆಲಸ, ಪರದೆ ಹೊತ್ತಿಕೊಂಡ ಕೂಡಲೇ ಒಂದು ಕಮಲ ಅರಳಿದಂತೆ ಕಾಣಬೇಕು ಎನ್ನುವುದು. ನಾನು ತಿಳಿಗುಲಾಬಿಯಿಂದ ಕಡುಗುಲಾಬಿಗೆ ಇಳಿಯುವ ಹದಿನೈದು ಛಾಯೆಗಳ ಕಮಲ ಮಾಡಿದೆ. ಕಂಪ್ಯೂಟರಿನಲ್ಲಿ ಅದನ್ನು ನೋಡಿ ನಾನೇ ಮನಸೋತೆ. ಪರದೆಯ ಮೇಲೆ ಹಾಕಿದಾಗ ಬಿಳಿಯ ತೇಪೆ, ಅದರ ಸುತ್ತ ರಾಣಿ ಬಣ್ಣದ ತೇಪೆ. ಬೆನ್ನ ಹಿಂದೆ ಯಾರೋ ನಿಂತು ನೋಡುತ್ತಿದ್ದರು. ತಿರುಗಿದರೆ ಐವತ್ತರ ಆಸುಪಾಸಿನ ಹೆಂಗಸು, ಬಿಳಿ ಸೀರೆ, ಕೈಯಲ್ಲಿ ಊಟದ ಡಬ್ಬಿ.

"ಏನಿದು ತಮ್ಮಾ?"

"ಕಮಲ ರೀ."

ಅವರು ಇನ್ನೂ ಸ್ವಲ್ಪ ಹೊತ್ತು ನೋಡಿದರು. "ಗಜಕರ್ಣ" ಅಂದರು. ಹಾಗೆ ಅಂದು ತಮ್ಮ ಟೇಬಲ್ಲಿಗೆ ಹೋಗಿ ಕೂತರು. ಅವರ ಟೇಬಲ್ಲು ನನ್ನ ಎದುರಿನದೇ ಎಂದು ಆಗ ಗೊತ್ತಾಯಿತು.

ಎಲ್ಲರೂ ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದರು. ಅವರ ಗಂಡ ಬದುಕಿದ್ದಾಗ ಮಾಲಕರಿಗೆ ಅಣ್ಣನ ಸಮಾನರಂತೆ; ಮಾಲಕರು ಕರೆದದ್ದನ್ನು ಉಳಿದವರೂ ಕರೆದರು. ಗಂಡ ಸೀರೆಯ ಅಂಚಿನ ವಿನ್ಯಾಸವನ್ನು ಗ್ರಾಫ್ ಕಾಗದದ ಮೇಲೆ ಬರೆಯುತ್ತಿದ್ದರು. ಆ ಚೌಕಗಳನ್ನು ನೋಡಿ ರಟ್ಟಿಗೆ ತೂತು ಹೊಡೆಯುತ್ತಿದ್ದರು, ಆ ರಟ್ಟು ನೋಡಿ ಮಗ್ಗ ಹೂವು ನೇಯುತ್ತಿತ್ತು. ಗಂಡ ಹೋದ ಮೇಲೆ ಗ್ರಾಫ್ ಬರೆಯುವುದನ್ನು ವೈನಿ ಮುಂದುವರಿಸಿದರು. ರಟ್ಟಿನ ಕಾಲವೇ ಹೋದ ಮೇಲೆ ಇಲ್ಲಿಗೆ ಬಂದರು. ಕಂಪ್ಯೂಟರನ್ನು ಕೊನೆಯವರೆಗೂ ಮುಟ್ಟಲಿಲ್ಲ. ಚೌಕುಳಿ ವಹಿಯ ಮೇಲೆ ಎಂಟು ಬಣ್ಣದ ಪೆನ್ಸಿಲಿನಿಂದ ಮೂವತ್ತೆರಡು ಸಾಲು ಮನೆ ತುಂಬಿಸಿ ನನ್ನ ಕಡೆ ದಬ್ಬುತ್ತಿದ್ದರು. ಅದನ್ನು ಚುಕ್ಕೆ ಚುಕ್ಕೆ ನೋಡಿ ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಡಿಪ್ಲೊಮಾ ಮಾಡಿದ್ದು ಇದಕ್ಕೇನಾ ಎಂದು ನಾನು ಎರಡು ವರ್ಷ ಒಳಗೊಳಗೇ ಕುದಿದೆ. ವೈನಿಗೆ ಅದು ಗೊತ್ತಿತ್ತು. ಗೊತ್ತಿದೆ ಎಂದು ತೋರಿಸುವ ತೊಂದರೆಯನ್ನು ಅವರು ತೆಗೆದುಕೊಳ್ಳಲಿಲ್ಲ.

ಎಂಟೇ ಬಣ್ಣ ಎಂದು ನಾನು ಗೊಣಗಿದರೆ ಅವರಿಗೆ ನಿಜವಾಗಿಯೂ ಅರ್ಥವಾಗುತ್ತಿರಲಿಲ್ಲ. "ನಮ್ಮ ಮಗ್ಗಕ್ಕ ಲಾಳಿ ಇಡೂ ನಾಲ್ಕ ಡಬ್ಬಿ ಇದ್ವು ತಮ್ಮಾ. ನಾಲ್ಕ ಡಬ್ಬಿ, ನಾಲ್ಕ ಬಣ್ಣ. ಅದರಾಗ ನವಿಲ ನೇಯ್ದೇವಿ. ನಿನಗ ಎಂಟ ಅದಾವ" ಎನ್ನುತ್ತಿದ್ದರು. ಎಂಟು ಅನ್ನುವಾಗ ಅವರ ದನಿಯಲ್ಲಿ, ಈ ಹುಡುಗನಿಗೆ ಉಣ್ಣಲು ಕೊಟ್ಟದ್ದು ಹೆಚ್ಚಾಗಿದೆ ಎಂಬ ಭಾವ ಇರುತ್ತಿತ್ತು.

ಒಮ್ಮೆ ನಾನು ಕೆಂಪು ಚುಕ್ಕೆ ಹಳದಿ ಚುಕ್ಕೆಗಳನ್ನು ಒಂದು ಬಿಟ್ಟು ಒಂದು ಇಟ್ಟರೆ ದೂರದಿಂದ ಕಿತ್ತಳೆಯಾಗಿ ಕಾಣುತ್ತದೆ ಎಂದು ಅವರಿಗೆ ತಿಳಿಸಿಕೊಡಲು ಹೋದೆ. ಪೂರ್ತಿ ಕೇಳಿಸಿಕೊಂಡರು. "ಇದಕ್ಕ ನಾವು ಧೂಪಛಾಂವ ಅಂತೇವಿ. ಹಾಸು ಕೆಂಪ, ಹೊಕ್ಕು ಹಳದಿ" ಅಂದರು. ನನ್ನ ಮುಖ ನೋಡಿ ಪಾಪ ಅನಿಸಿತೇನೋ, "ಮಾಡಿ ನೋಡು" ಎಂದೂ ಅಂದರು. ಮಾಡಿದೆ. ಪರದೆಯ ಮೇಲೆ ಒಂದು ಸುಂದರ ಕಿತ್ತಳೆ ಹಣತೆಯ ಬದಲು ತುರಿಕೆ ಎದ್ದ ಚರ್ಮದಂಥದ್ದೊಂದು ಬಂತು. "ಸೀರ್‍ಯಾಗ ಎಳಿ ಸಾವಿರ ಇರ್ತಾವ, ಅದಕ್ಕ ಕೂಡ್ತಾವ. ಇಲ್ಲಿ ಮೂವತ್ತೆರಡು. ಇಲ್ಲದ ಬಣ್ಣ ಕೇಳಬ್ಯಾಡ" ಅಂದರು. ಇಲ್ಲದ ಬಣ್ಣ ಕೇಳಬ್ಯಾಡ ಎನ್ನುವುದು ಅವರು ದಿನಕ್ಕೆರಡು ಸಲ ಹೇಳುವ ಮಾತು. ಗಿರಾಕಿಗಳಿಗೆ ಹೇಳುತ್ತಿದ್ದರು, ಮಾಲಕರಿಗೆ ಹೇಳುತ್ತಿದ್ದರು, ಚಹಾ ತೆಳುವಾಯಿತೆಂದವರಿಗೂ ಹೇಳಿದ್ದನ್ನು ಕೇಳಿದ್ದೇನೆ.

ಅವರದೊಂದು ಪರೀಕ್ಷೆ ಇತ್ತು. ಒಬ್ಬ ನೇಕಾರ ಎಂಟು ಮಗ್ಗ ನೋಡುತ್ತಾನೆ, ಹತ್ತಿರ ಬಂದು ಕಣ್ಣಿಟ್ಟು ನೋಡುವ ಪುರುಸೊತ್ತು ಅವನಿಗಿಲ್ಲ. ಆದ್ದರಿಂದ ಹೊಸ ಚಿತ್ರ ಯಾವುದೇ ಇರಲಿ, ವೈನಿ ಪರದೆಯನ್ನು ನಡೆಯುತ್ತಿರುವ ಮಗ್ಗದ ಮೇಲಿಟ್ಟು ಹತ್ತು ಹೆಜ್ಜೆ ಎಣಿಸಿಕೊಂಡು ಹಿಂದೆ ಹೋಗುತ್ತಿದ್ದರು. ಅಲ್ಲಿ ಓದು ಬಾರದ ಒಬ್ಬರನ್ನು ನಿಲ್ಲಿಸಿ, "ಏನ ಕಾಣ್ತೈತಿ?" ಎಂದು ಕೇಳುತ್ತಿದ್ದರು. ಇದು ಎಣ್ಣೆ ಡಬ್ಬಿ ಹೌದಲ್ಲ ಎಂದು ಕೇಳಬಾರದು. ಕೇಳಿದರೆ ಯಾರಾದರೂ ಹೌದ್ರಿ ಅನ್ನುತ್ತಾರೆ, ಅವರ ಜನ್ಮದಲ್ಲಿ ಎಣ್ಣೆ ಡಬ್ಬಿ ಕಾಣದಿದ್ದರೂ. ಒಮ್ಮೆ ಬಿಹಾರದವನೊಬ್ಬ ಎಣ್ಣೆ ಡಬ್ಬಿ ನೋಡಿ "ಚಾಯ್" ಅಂದ. ವೈನಿ ಎರಡು ದಿನ ಆ ಡಬ್ಬಿಯ ಮೂತಿಯ ಮೇಲೆ ಕೆಲಸ ಮಾಡಿದರು. ಮೂರನೆಯ ದಿನ ಅವನೇ "ತೇಲ್" ಅಂದಾಗ ವಹಿಯಲ್ಲಿ ಸಹಿ ಹಾಕಿದರು. ಅವರ ಸಹಿ ಇಲ್ಲದೆ ಒಂದು ಚಿತ್ರವೂ ಹೊರಗೆ ಹೋಗುವ ಹಾಗಿರಲಿಲ್ಲ.

ಸಂಜೆ ಐದೂವರೆಗೆ ಮಾತ್ರ ಏನೇ ಬೆಂಕಿ ಬಿದ್ದಿರಲಿ, ಪೆನ್ಸಿಲು ಕೆಳಗಿಟ್ಟು ಡಬ್ಬಿ ತೆರೆಯುತ್ತಿದ್ದರು. ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಕೊಲ್ಹಾಪುರದ ದೊಡ್ಡ ಗಿರಾಕಿಯೊಬ್ಬರು ಅವರ ಎದುರು ಕಾಯುತ್ತ ಕೂತು, ವೈನಿ ಎರಡನೆಯ ಭಕ್ಕರಿ ಮುಗಿಸುವುದನ್ನು ನೋಡಿದ್ದಾರೆ.

ಈಗ ಗಡಹಿಂಗ್ಲಜದ ವಿಷಯ. ಬರೆಯಬಾರದೆಂದು ಬಹಳ ಯೋಚಿಸಿದೆ. ಅದನ್ನು ಬಿಟ್ಟು ವೈನಿಯ ಬಗ್ಗೆ ಬರೆದರೆ ಚಿತ್ರ ಚಂದ ಬರುತ್ತದೆ, ಅಷ್ಟೇ.

ಗಡಹಿಂಗ್ಲಜದಲ್ಲಿ ನಲವತ್ತು ಮಗ್ಗದ ಹೊಸ ಶೆಡ್ಡು ಆಗುತ್ತಿತ್ತು. ಬೇರೆಯವರ ಪರದೆ ನಮ್ಮದಕ್ಕಿಂತ ಝಗಮಗ ಕಾಣುತ್ತದೆಂದು ಮಾಲಕರಿಗೆ ಚಿಂತೆ. ಕೊಲ್ಹಾಪುರದ ಒಬ್ಬ ಡಿಸೈನರನಿಂದ ಹದಿನಾರು ಹೊಸ ಚಿತ್ರ ಬರೆಸಿ ತಂದರು. ನಿಜಕ್ಕೂ ಚಂದ ಇದ್ದವು; ದುಂಡಗೆ, ಮೃದುವಾಗಿ, ಮೇಲೊಂದು ಹೊಳಪು. ಅದರಲ್ಲಿ ಒಂದು ಕೈ. ಅದರ ಕೆಲಸ ಬೇರೆಯವಕ್ಕಿಂತ ದೊಡ್ಡದು. ಹಾಸಿನ ಎಳೆ ಹರಿದರೆ ಒಬ್ಬ ಮಗ್ಗದ ಹಿಂದೆ ಹೋಗಿ, ಅಲ್ಲಿನ ಗುಂಡಿ ಒತ್ತಿ ಮಗ್ಗ ನಿಲ್ಲಿಸಿ, ಒಳಗೆ ಕೈ ಹಾಕಿ ಎಳೆ ಕಟ್ಟುತ್ತಾನೆ. ಮುಂದೆ ನಿಂತವನಿಗೆ ಅವನು ಕಾಣುವುದಿಲ್ಲ. ಕಾಣುವುದು ಪರದೆಯ ಮೇಲಿನ ಕೈ ಮಾತ್ರ. ಆ ಕೈ ಇರುವತನಕ ಚಾಲೂ ಗುಂಡಿ ಒತ್ತಬಾರದು.

ಹೊಸ ಚಿತ್ರದಲ್ಲಿ ಹಳದಿ ತ್ರಿಕೋನ, ಅದರೊಳಗೆ ಕಿತ್ತಳೆ ಕೈ.

ಅದು ಭಾದ್ರಪದ. ವೈನಿ ದಶಲಕ್ಷಣ ಪರ್ವಕ್ಕೆ ಪ್ರತಿ ವರ್ಷದಂತೆ ಹತ್ತು ದಿನ ಅಕಿವಾಟಕ್ಕೆ ಹೊರಟಿದ್ದರು; ಆ ಹತ್ತು ದಿನ ದಿನಕ್ಕೊಂದೇ ಊಟ, ಉಳಿದ ಹೊತ್ತು ಬಸದಿ. ಹೊರಡುವ ಮುಂಚೆ ಚಿತ್ರಗಳನ್ನು ಕಾಗದದ ಮೇಲೆ ನೋಡಿದರು. "ಕಾಗದದಾಗ ಛಲೋ ಅದಾವ. ಪರದಿ ಮ್ಯಾಲ ನಾ ನೋಡಿಲ್ಲ. ನಾ ಬರೂತನಕ ಕಳಸಬ್ಯಾಡ" ಅಂದರು. ಆಯ್ತ್ರಿ ವೈನಿ ಎಂದೆ.

ಅವರು ಹೋದ ಮರುದಿನ ಮಾಲಕರ ಜೀಪು ಬಾಗಿಲಿಗೆ ಬಂದು ನಿಂತಿತು. ಗಣಪತಿ ಕಳಿಸುವುದರೊಳಗೆ ಮಗ್ಗ ಶುರುವಾಗಬೇಕಂತೆ. ನಾನು ಹದಿನಾರರಲ್ಲಿ ಹನ್ನೊಂದು ಚಿತ್ರಗಳನ್ನು ಪರದೆಯ ಮೇಲೆ ನೋಡಿದೆ, ಉಳಿದ ಐದನ್ನು ಕಂಪ್ಯೂಟರಿನಲ್ಲಿ. ಕೈ ಆ ಐದರಲ್ಲಿತ್ತು. ವಹಿಯಲ್ಲಿ ವೈನಿಯ ಜಾಗದಲ್ಲಿ ನಾನು ಸಹಿ ಹಾಕಿದೆ. ಅವಸರವಿತ್ತು ಎಂದು ಹೇಳಬಹುದು. ಅದಕ್ಕಿಂತ ನಿಜವಾದದ್ದು, ಆ ಜಾಗದಲ್ಲಿ ಸಹಿ ಹಾಕಲು ನನಗೆ ಎರಡು ವರ್ಷದಿಂದ ಆಸೆಯಿತ್ತು.

ಐದನೆಯ ದಿನ ಗಡಹಿಂಗ್ಲಜದಿಂದ ಫೋನು. ಮಗ್ಗದ ಹಿಂದೆ ಎಳೆ ಕಟ್ಟುವವನೇ ಮಾತಾಡಿದ. "ಸಾಹೇಬ್ರ, ಕೈ ಕಾಣವಲ್ದು ರೀ. ಬರೇ ಹಳದಿ ತ್ರಿಕೋನ ಕಾಣ್ತೈತಿ. ನೂಲ ಮುಗದಾಗೂ ಅದ ಕಾಣ್ತೈತಿ."

ನೂಲು ಮುಗಿದ ಚಿತ್ರವೂ ಹಳದಿ ತ್ರಿಕೋನವೇ, ಒಳಗೆ ನೂಲು ಸುತ್ತಿದ ತಿಳಿಗಂದು ಬಣ್ಣದ ಕೋನು; ಅದೂ ಪರದೆಯ ಮೇಲೆ ಹಳದಿಯೇ. ಕಿತ್ತಳೆ ಕೊಟ್ಟರೆ ಈ ಪರದೆ ಹಳದಿ ತೋರಿಸುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಜಿಲ್ಲೆಯಲ್ಲಿ ಒಬ್ಬರೇ ಇದ್ದರು, ಅವರು ಅಕಿವಾಟದ ಬಸದಿಯಲ್ಲಿದ್ದರು. ಆದರೆ ನಮ್ಮಲ್ಲಿ ಆ ಹೊತ್ತಿಗೆ ಗಣಪತಿಯ ಆರತಿ ಶುರುವಾಗಿತ್ತು, ಜಾಗಟೆ ಬಾರಿಸುವವನು ನಾನು. "ಹೊಸಾ ಪರದಿ ಐತಿ, ತುಸು ಓರೆಯಾಗಿ ನೋಡ್ರಿ. ಕಣ್ಣಿಗೆ ರೂಢಿ ಆಗ್ತೈತಿ" ಎಂದು ಫೋನಿಟ್ಟೆ. ಅವನು "ಹೌದ್ರಿ ಸಾಹೇಬ್ರ, ಉಪಕಾರ ಆತು" ಅಂದ. ಬಂದ ಪ್ರತಿ ದೂರನ್ನೂ ಫೋನಿನ ಪಕ್ಕದ ವಹಿಯಲ್ಲಿ ಬರೆಯಬೇಕೆಂಬುದು ವೈನಿ ಮಾಡಿದ ನಿಯಮ. ಬರೆಯಲಿಲ್ಲ.

ಅನಂತ ಚತುರ್ದಶಿಯ ಬೆಳಿಗ್ಗೆ, ಗಣಪತಿ ಕಳಿಸುವ ದಿನ, ಶೆಡ್ಡಿನ ಅರ್ಧ ಮಂದಿ ರಜೆ ಹಾಕಿದ್ದರು. ಮಗ್ಗದ ಮುಂದೆ ನಿಂತವನು ಆ ದಿನದ ಮಟ್ಟಿಗೆ ಬಂದ ಬದಲಿ ಆಳು. ಪರದೆಯ ಮೇಲೆ ಹಳದಿ ತ್ರಿಕೋನ ಬಂತು. ಹೊಸ ಕೋನು ಹಾಕಿದ, ಗುಂಡಿ ಒತ್ತಿದ. ಹಿಂದೆ ಎಳೆ ಕಟ್ಟುತ್ತಿದ್ದವನ ಎಡಗೈಯ ನಡುಬೆರಳಿನ ತುದಿ ಹೋಯಿತು.

ಆಮೇಲೆ ಆ ದಿನವೂ ಮರುದಿನವೂ ಶೆಡ್ಡು ಮುಚ್ಚಿತ್ತು. ಅದರ ಮರುದಿನ ಬೆಳಿಗ್ಗೆ ವೈನಿ ಕೆಲಸಕ್ಕೆ ಬಂದರು. ಪರ್ವ ಮುಗಿದ ಮೇಲೆ ಕ್ಷಮಾವಾಣಿ ಎಂದು ಒಂದು ದಿನ. ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದಕ್ಕೆ ಎಲ್ಲರಲ್ಲೂ ಕ್ಷಮೆ ಕೇಳುವುದು. ವೈನಿ ಇದನ್ನು ಹಾಜರಿ ಹಾಕುವಷ್ಟು ಶಿಸ್ತಿನಿಂದ ಮಾಡುತ್ತಿದ್ದರು. ಮಾಲಕರಿಂದ ಶುರುಮಾಡಿ, ಕಸ ಗುಡಿಸುವವಳು, ಚಹಾ ತರುವವನು, ಎಲ್ಲರ ಮುಂದೆ ನಿಂತು ಕೈ ಮುಗಿದು "ಉತ್ತಮ ಕ್ಷಮಾ" ಅನ್ನುವುದು. ಆ ವರ್ಷ ನನ್ನ ಮುಂದೆ ಬಂದು ನಿಂತಾಗ ಮುಖ ಬತ್ತಿತ್ತು, ಹತ್ತು ದಿನದ ಉಪವಾಸ. "ತಮ್ಮಾ, ವರ್ಷದ ತುಂಬ ನಿನಗ ಏನೇನರ ಅಂದಿರ್ತೇನಿ. ಮನಸಿನ್ಯಾಗ ಇಟ್ಕೋಬ್ಯಾಡ" ಅಂದರು. ನಾನೂ ಕೈ ಮುಗಿದೆ. ಆಮೇಲೆ ಬೆರಳಿನ ಸುದ್ದಿ ಹೇಳಿದೆ. ಫೋನಿನ ಸುದ್ದಿ ಹೇಳಲಿಲ್ಲ.

ಅವರು ಮೊದಲು ಕೇಳಿದ್ದು, "ಯಾವ ಬೆರಳ?"

ಆಮೇಲೆ ಪರದೆ ತರಿಸಿ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿದರು. ಹತ್ತಿರ ಬಂದೂ ನೋಡಿದರು. ಹಳದಿಯ ಮೇಲೆ ಹಳದಿ. ಕೂತು ಕೆಂಪು ಚೌಕದೊಳಗೆ ಬಿಳಿ ಕೈ ಬರೆದು ನನ್ನ ಕಡೆ ದಬ್ಬಿದರು. ಒಂದು ತಾಸಿನಲ್ಲಿ ನಾವು ಜೀಪಿನಲ್ಲಿದ್ದೆವು. ಗಡಹಿಂಗ್ಲಜ ಮುಟ್ಟಿದಾಗ ಶೆಡ್ಡು ಮತ್ತೆ ಶುರುವಾಗಿತ್ತು. ಎಲ್ಲ ನಿಲ್ಲಿಸಿ ಎಂದರೆ ಶೆಡ್ಡಿನವರು ಒಪ್ಪಲಿಲ್ಲ. ಒಂದೊಂದೇ ಮಗ್ಗ ನಿಲ್ಲಿಸಿ ಚಿತ್ರ ಬದಲಿಸಿರಿ, ಉಳಿದವು ನಡೆಯಲಿ ಅಂದರು. ನಾನು ಒಂದನೆಯ ಮಗ್ಗಕ್ಕೆ ಕೂತೆ. ವೈನಿ ನಡುವಿನ ಓಣಿಯಲ್ಲಿ ನಿಂತರು. ಯಾವ ಮಗ್ಗದ ಮೇಲೆ ಹಳದಿ ತ್ರಿಕೋನ ಬಂದರೂ ಮುಂದಿನವನಿಗೆ ಕೈ ಎತ್ತಿ ತಡೆದು, ಹಿಂದೆ ಹೋಗಿ ಬಗ್ಗಿ ನೋಡಿ, ಯಾರೂ ಇಲ್ಲವೆಂದಾದ ಮೇಲೆ ಕೈ ಇಳಿಸುತ್ತಿದ್ದರು. ನಲವತ್ತು ಮಗ್ಗ ಮುಗಿಯಲು ನನಗೆ ಐದು ತಾಸು ಬೇಕಾಯಿತು. ಐದು ತಾಸೂ ಅವರು ಕೂಡಲಿಲ್ಲ. ನನಗೆ ಅಳು ಬಂದಿತ್ತು, ಆದರೆ ಕೆಲಸ ಕೆಡುತ್ತದೆಂದು ಅಳಲಿಲ್ಲ.

ಅಲ್ಲಿಂದ ಅವನ ಮನೆಗೆ ಹೋದೆವು. ಮೂವತ್ತರ ಗಂಡಸು, ಕೈಗೆ ದೊಡ್ಡ ಪಟ್ಟಿ. ಎದ್ದು ಕೂತು ನಮಸ್ಕಾರ ಮಾಡಲು ಹೋಗಿ, ಕೈ ಮುಗಿಯಲಾಗದೆ ಒಂದೇ ಕೈ ಎದೆಗೆ ಹಚ್ಚಿಕೊಂಡ. ವೈನಿ ಎರಡೂ ಕೈ ಮುಗಿದು, "ಉತ್ತಮ ಕ್ಷಮಾ ತಮ್ಮಾ. ನಮ್ಮ ಚಿತ್ರ ಕೆಟ್ಟಿತ್ತು" ಅಂದರು.

"ನಿಮ್ಮದೇನ ತಪ್ಪ ರೀ ಅಕ್ಕಾರ" ಅಂದ ಅವನು. "ನಾ ಫೋನೂ ಮಾಡಿದ್ನಿ. ಯಾರೋ ಎತ್ತಿದ್ರು. ಓರೆಯಾಗಿ ನೋಡ್ರಿ ಅಂದ್ರು. ಓರೆಯಾಗಿ ಭಾಳ ನೋಡಿದ್ನಿ ರೀ. ಕಾಣಲಿಲ್ಲ. ನನ್ನ ಕಣ್ಣ ಸರಿ ಇಲ್ಲೇನೋ ಅಂತ ಸುಮ್ಮನಾದ್ನಿ."

"ನಿನ್ನ ಕಣ್ಣ ಬರೋಬರ ಅದಾವ" ಅಂದರು ವೈನಿ. ನನ್ನ ಕಡೆ ನೋಡಲಿಲ್ಲ.

ನಾನು ಮಾತಾಡಿದರೆ ಅವನಿಗೆ ದನಿಯ ಗುರುತು ಸಿಗುತ್ತದೆಂದು ನನಗೆ ಭಯ. ಆ ಮನೆಯಲ್ಲಿ ಕೂತಷ್ಟು ಹೊತ್ತು ಒಂದು ಅಕ್ಷರ ಆಡಲಿಲ್ಲ. ಅವನ ಹೆಂಡತಿ ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದಾಗ ಎರಡು ಬೆರಳು ತೋರಿಸಿದೆ. ಬೆರಳು ತೋರಿಸಬಾರದಿತ್ತು ಎಂದು ತೋರಿಸಿದ ಮೇಲೆ ಹೊಳೆಯಿತು. ಹೊರಡುವ ಹೊತ್ತಿಗೆ ವೈನಿ ಹಿಂದೆ ಉಳಿದು ಅವನ ಹತ್ತಿರ ಏನೋ ಮಾತಾಡಿದರು. ವಹಿ ತೆಗೆದು ಅವನ ಎಡಗೈಯನ್ನು ಅದರ ಮೇಲೆ ಇಡಿಸಿಕೊಂಡು, ಪಟ್ಟಿಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯುವುದು ಜೀಪಿನಿಂದ ಕಂಡಿತು. ವಾಪಸು ಬರುವಾಗ ದಾರಿಯಲ್ಲೇ ಹೊತ್ತು ಮುಳುಗಿತು. ಡಬ್ಬಿ ಅವರ ತೊಡೆಯ ಮೇಲೆ ಮುಚ್ಚಿಕೊಂಡೇ ಇತ್ತು.

ಮರುದಿನ ಬೆಳಿಗ್ಗೆ ಫೋನಿನ ವಹಿ ನನ್ನ ಟೇಬಲ್ಲಿನ ಮೇಲೆ ತೆರೆದಿತ್ತು, ಮೇಲೊಂದು ಪೆನ್ಸಿಲು. ನಾನು ಮುಚ್ಚಿ ಜಾಗಕ್ಕಿಟ್ಟೆ.

ಮಾಲಕರು ಇಬ್ಬರನ್ನೂ ಕರೆಸಿದರು. "ಇದನ್ನ ನೋಡಿ ಪಾಸ್ ಮಾಡಿದಾಂವ ಯಾಂವ?" ಎಂದು ಕೇಳಿದರು. ವೈನಿ ನನ್ನನ್ನು ಉಳಿಸುತ್ತಾರೆ ಎಂದು ನಾನು ರಾತ್ರಿಯೆಲ್ಲ ನಂಬಿದ್ದೆ. ಅವರು, "ಇಂವ ಮಾಡ್ಯಾನ. ನಾ ಇದ್ದಿಲ್ಲ" ಅಂದರು. ಮಾಲಕರು ನಾಳೆಯಿಂದ ಬರಬೇಡ ಎಂದು ನನಗೆ ಹೇಳುತ್ತಿದ್ದಂತೆ ವೈನಿ ಅದೇ ದನಿಯಲ್ಲಿ, "ಇಂವನ್ನ ತಗದ್ರ ಹೊಸಾಂವ ಬರ್ತಾನ. ಹೊಸಾಂವಗ ಇದು ಗೊತ್ತಿರೂದಿಲ್ಲ. ಇಂವಗ ಈಗ ಗೊತ್ತೈತಿ" ಎಂದರು. ಮಾಲಕರು ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ವೈನಿ ಮೊದಲ ಸಲ ನನ್ನನ್ನು ನೋಡಿದರು. "ಇದ್ರ ಇಂವ ಹೇಳ್ತಾನ." ನಾನು ಹೇಳಲಿಲ್ಲ. ಕೆಲಸ ಉಳಿಯಿತು.

ಆ ವಾರ ವೈನಿ ಕೈಯ ಚಿತ್ರವನ್ನು ಮತ್ತೆ ಬರೆದರು. ಕೆಂಪು ಚೌಕ, ಬಿಳಿ ಕೈ, ನಡುಬೆರಳು ಎರಡು ಚುಕ್ಕೆ ಗಿಡ್ಡ. ನಾನು ಯಾಕೆಂದು ಕೇಳಲಿಲ್ಲ. ಅಂದಿನಿಂದ ನಮ್ಮ ಎಲ್ಲ ಪೆಟ್ಟಿಗೆಗಳ ಮೇಲೂ ಆ ಕೈಯೇ. ವರ್ಷಕ್ಕೆ ಒಬ್ಬಿಬ್ಬರು ಗಿರಾಕಿಗಳಾದರೂ ನಡುಬೆರಳು ತುಂಡಾಗಿ ಕಾಣುತ್ತದೆ, ಪರದೆ ಕೆಟ್ಟಿದೆಯೇ ಎಂದು ಕೇಳುತ್ತಿದ್ದರು. ಕಡಿಮೆ ಚುಕ್ಕೆಯ ಪರದೆ, ಹಾಗೆಯೇ ಬರುತ್ತದೆ ಎಂದು ನಾನು ಹೇಳಲು ಬಾಯಿ ತೆರೆಯುವ ಮೊದಲು ವೈನಿ ಫೋನು ಕಸಿದುಕೊಳ್ಳುತ್ತಿದ್ದರು. "ಪರದಿ ಬರೋಬರ ಐತ್ರಿ. ಬೆರಳ ಅಷ್ಟ ಐತಿ." ಅಷ್ಟೇ ಹೇಳಿ ಇಡುತ್ತಿದ್ದರು.

ಎಂಟು ಬಣ್ಣದ ಪರದೆಗಳ ಕೋಣೆ ಖಾಲಿಯಾಯಿತು. ಈಗ ಬರುವ ಪರದೆಗಳಿಗೆ ಲೆಕ್ಕವಿಲ್ಲದಷ್ಟು ಬಣ್ಣ, ಕಮಲ ಕಮಲದ ಹಾಗೆಯೇ ಅರಳುತ್ತದೆ. ವೈನಿ ಅರವತ್ತೆರಡಕ್ಕೆ ಕೆಲಸ ಬಿಟ್ಟು ಅಕಿವಾಟ ಸೇರಿದರು. ಹೋಗುವ ದಿನ ಭಾಷಣ ಮಾಡಿಸಬೇಕೆಂದು ಮಾಲಕರು ಬಹಳ ಪ್ರಯತ್ನಪಟ್ಟರು. "ಹತ್ತ ಹೆಜ್ಜಿ ಬಿಡಬ್ಯಾಡ್ರಿ" ಅಂದು ಕೂತುಬಿಟ್ಟರು. ಅವರ ಮೇಲೆ ನನಗೆ ಸಿಟ್ಟಿತ್ತು. ನನ್ನನ್ನು ಬಯ್ಯಲಿಲ್ಲ ಎಂಬ ಸಿಟ್ಟು. ಬಯ್ದಿದ್ದರೆ ಎಂದೋ ಮುಗಿದುಹೋಗುತ್ತಿತ್ತು. ಆದರೆ ಎದುರಿನ ಟೇಬಲ್ಲು ಖಾಲಿಯಾದ ಮೇಲೆ ನನ್ನಷ್ಟು ಒಂಟಿಯಾದವನು ಆ ಕಾರಖಾನೆಯಲ್ಲಿ ಇನ್ನೊಬ್ಬನಿರಲಿಲ್ಲ, ಇದನ್ನು ಇವತ್ತು ನೇರ ಹೇಳಿಬಿಡುತ್ತೇನೆ.

ಅಕಿವಾಟ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮನೆಯ ಮುಂದಿನ ಬೇವಿನ ಕೆಳಗೆ ಬೆಂಚು ಹಾಕಿದ್ದರು, ಜನ ಬಂದು ಕೂತು ಎದ್ದು ಹೋಗುತ್ತಿದ್ದರು. ನಾನೂ ಕೂತೆ. ಪಕ್ಕದಲ್ಲಿದ್ದವನು ನೀರಿನ ಲೋಟ ನನ್ನ ಕಡೆ ಚಾಚಿದ. ಲೋಟ ಹಿಡಿದ ಎಡಗೈಯಲ್ಲಿ ನಡುಬೆರಳು ಗಿಡ್ಡ. ದಿನಾ ನೋಡುವ ಕೈ. ಮುಖ ನೋಡುವ ಮೊದಲೇ ಗುರುತು ಸಿಕ್ಕಿತು. ಕೂದಲು ಬೆಳ್ಳಗಾಗತೊಡಗಿತ್ತು. ಎದ್ದು ಹೋಗಬಹುದಿತ್ತು. ಲೋಟ ತೆಗೆದುಕೊಂಡು ನೀರು ಕುಡಿದೆ.

"ಆವತ್ತ ಫೋನ್ ಎತ್ತಿದಾಂವ ನಾನ ರೀ" ಅಂದೆ. ಹನ್ನೊಂದು ವರ್ಷ ಒಳಗಿಟ್ಟುಕೊಂಡ ಮಾತು, ಬಾಯಿಂದ ಬಂದಾಗ ಇಷ್ಟೇ ಇತ್ತು. "ಓರೆಯಾಗಿ ನೋಡ್ರಿ ಅಂದಾಂವ ನಾನು. ತಪ್ಪಾತು."

"ಗೊತ್ತೈತ್ರಿ" ಅಂದ.

"ದನಿ ಗುರ್ತ ಹತ್ತಿತೇನ್ರಿ?"

"ದನಿ ಎಲ್ಲಿ ಕೇಳಸಿದ್ರಿ ನೀವು? ಆವತ್ತ ಮನಿಗೆ ಬಂದು ಒಂದ ಮಾತ ಆಡಲಿಲ್ಲ. ಆವಾಗ ಗೊತ್ತಾತು." ಅವನು ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಂಚಿನ ಕೆಳಗಿಟ್ಟ. "ಅಕ್ಕಾರಿಗೆ ಆವಾಗಲೇ ಕೇಳಿದ್ನಿ, ಇವರೇನ್ರಿ ಅಂತ. ಅಂವ ತಾನ ಬಂದು ಹೇಳ್ತಾನ, ನೀ ಕೇಳಬ್ಯಾಡ ಅಂದ್ರು. ಪ್ರತಿ ವರ್ಷ ಕ್ಷಮಾವಾಣಿ ದಿನ ತಪ್ಪದ ಫೋನ್ ಮಾಡ್ತಿದ್ರು. ಅಂವ ಬಂದಿದ್ನೇನೋ ತಮ್ಮಾ, ಹೇಳಿದ್ನೇನು ಅಂತ ಕೇಳ್ತಿದ್ರು. ಇನ್ನಾ ಇಲ್ಲ ರೀ ಅಂತಿದ್ನಿ. ಹೇಳ್ತಾನ ತಡಿ ಅಂತಿದ್ರು."

ಒಳಗಿನಿಂದ ಯಾರೋ ಬಂದು ಚಹಾ ಕೊಟ್ಟು ಹೋದರು. ಅವನು ಒಂದು ಗುಟುಕು ಕುಡಿದು, ಮನೆಯ ಬಾಗಿಲಿನ ಕಡೆ ನೋಡಿದ.

"ಈಗ ಹೇಳಿದ್ರಿ" ಅಂದ. "ನಾ ಯಾರಿಗೆ ತಿಳಸಲಿ ರೀ?"